ಹಿಮ ತಳ್ಳಬೇಕೋ, ತೂರಬೇಕೋ?

ನ್ಯೂಯಾರ್ಕ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಗಿಲೆತ್ತರದ ಕಟ್ಟಡಗಳು. ಅದೇ ರಾಜ್ಯದ ಉತ್ತರ ಭಾಗದಲ್ಲಿ, ಒಂಟಾರಿಯೊ ಸರೋವರದ ಪೂರ್ವಕ್ಕೆ, ಟಗ್ ಹಿಲ್ ಎಂಬ ಪ್ರಸ್ಥಭೂಮಿಯಿದೆ. ಹೈನುಗಾರಿಕೆ, ಮರದ ಕೆಲಸ, ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವುದು ಅಲ್ಲಿನವರ ಕಸುಬು. ಒಂದು ಚಳಿಗಾಲದಲ್ಲಿ 200 ಇಂಚಿಗೂ ಹೆಚ್ಚು, ಅಂದರೆ 5 ಮೀಟರ್ ಮೀರಿ ಹಿಮ ಬೀಳುವುದು ಅಲ್ಲಿ ಸಾಮಾನ್ಯ. 1976–77ರ ಚಳಿಗಾಲದಲ್ಲಿ ಹೂಕರ್ ಎಂಬಲ್ಲಿ 466.9 ಇಂಚು ಬಿದ್ದು ರಾಜ್ಯದ ದಾಖಲೆಯಾಯಿತು. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ತಾಗಿ, ಮೇಲೇರಿ, ಆಗುಂಬೆಯಲ್ಲಿ ಮಳೆಯಾಗಿ ಸುರಿಯುತ್ತದಲ್ಲ, ಇಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಕೊರೆಯುವ ಗಾಳಿ ಹೆಪ್ಪುಗಟ್ಟದ ಸರೋವರದ ಮೇಲೆ ಹಾದು ಬರುವಾಗ ತೇವ ಹೀರಿಕೊಳ್ಳುತ್ತದೆ. ಟಗ್ ಹಿಲ್‌ನ ಏರು ಹತ್ತುವಾಗ ಅದನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ.

ಇಂಥ ನೆಲದಲ್ಲಿ ಹಸು ಸಾಕುವವರ ಮನೆಯಂಗಳವನ್ನು ನೆನೆಯಿರಿ. ಸಾರ್ವಜನಿಕ ರಸ್ತೆಯ ಹಿಮವನ್ನು ಸ್ಥಳೀಯ ಆಡಳಿತದ ಲಾರಿಗಳು ತೆಗೆಯುತ್ತವೆ. ರಸ್ತೆಯಿಂದ ಕೊಟ್ಟಿಗೆಯವರೆಗಿನ ಖಾಸಗಿ ದಾರಿ ಮಾತ್ರ ರೈತನದೇ ಹೊಣೆ. ಹಸುಗಳು ಹಿಮ ಬಿದ್ದ ದಿನವೂ ಹಾಲು ಕೊಡುತ್ತವೆ. ಆ ಹಾಲು ತುಂಬುವ ತಂಪು ತೊಟ್ಟಿಗೆ ಒಂದು ಮಿತಿಯಿದೆ. ಒಂದೆರಡು ದಿನಕ್ಕೊಮ್ಮೆ ಟ್ಯಾಂಕರ್ ಬಂದು ಖಾಲಿ ಮಾಡದಿದ್ದರೆ ಹಾಲನ್ನು ಚೆಲ್ಲುವುದಲ್ಲದೆ ಬೇರೆ ದಾರಿಯಿಲ್ಲ. 2014ರ ನವೆಂಬರಿನಲ್ಲಿ ಬಫಲೊ ಸುತ್ತಮುತ್ತ ಕೆಲವೆಡೆ ಆಳೆತ್ತರ ಮೀರಿ ಹಿಮ ಬಿದ್ದಾಗ ಹೈನುಗಾರರು ಹಾಗೆಯೇ ಹಾಲು ಚೆಲ್ಲಿದರು. ಹಾಗಾಗಿ ಟ್ರ್ಯಾಕ್ಟರಿಗೆ ಯಾವ ಹಿಮ ತೆಗೆಯುವ ಸಲಕರಣೆ ಕಟ್ಟಬೇಕು ಎನ್ನುವುದು ಅಲ್ಲಿ ಹವ್ಯಾಸಿಗಳ ಚರ್ಚೆಯ ವಿಷಯವಲ್ಲ, ಸಂಸಾರ ನಡೆಯುವ ಪ್ರಶ್ನೆ. ಬಫಲೊ, ರಾಚೆಸ್ಟರ್, ಟೊರೊಂಟೊ ಕಡೆ ಹೋಗಿ ನೆಲೆಸಿದ ನಮ್ಮವರಲ್ಲೂ ಊರಾಚೆ ಒಂದೆರಡು ಎಕರೆಯ ಮನೆ ಕೊಂಡವರಿಗೆ ಮೊದಲ ಡಿಸೆಂಬರಿನಲ್ಲೇ ಇದೇ ಪ್ರಶ್ನೆ ಎದುರಾಗುತ್ತದೆ.

ಮೊದಲು ತೂಕದ ಲೆಕ್ಕ ಮಾಡೋಣ. ದಾರಿ 100 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ರಾತ್ರಿ 30 ಸೆಂಟಿಮೀಟರ್ ಹಿಮ ಬಿತ್ತು ಎಂದುಕೊಳ್ಳಿ. 120 ಘನ ಮೀಟರ್ ಆಯಿತು. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕಿಲೊ ತೂಗಿದರೂ ಒಟ್ಟು 12 ಟನ್. ಅದೇ ಹಿಮ ನೀರು ಕುಡಿದು ಘನ ಮೀಟರಿಗೆ 300 ಕಿಲೊ ಆದರೆ 36 ಟನ್. ಇಷ್ಟು ಭಾರವನ್ನು ಒಂದು ಬೆಳಗ್ಗೆ ಕದಲಿಸಬೇಕು, ಮತ್ತೆ ನಾಲ್ಕು ದಿನಕ್ಕೆ ಇನ್ನೊಂದಿಷ್ಟನ್ನು. ಅಂಗಡಿಗೆ ಹೋದವರು ಕೇಳುವುದು ‘ಯಾವುದು ಬಲವಾದದ್ದು, ಯಾವುದು ಅಗ್ಗ’ ಎಂದು. ನನ್ನ ಮಟ್ಟಿಗೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಹಿಮ ಹೋಗಿ ಕೂರುವುದೆಲ್ಲಿ? ನವೆಂಬರಿನ ಹಿಮಕ್ಕೆ ಮಾತ್ರವಲ್ಲ, ಫೆಬ್ರವರಿಯ ಹಿಮಕ್ಕೂ ಜಾಗ ಬೇಕು. ಅದಕ್ಕೆ ಉತ್ತರ ಸಿಕ್ಕರೆ ಸಲಕರಣೆಯ ಆಯ್ಕೆ ಅರ್ಧ ಮುಗಿದಂತೆಯೇ.

ಟ್ರ್ಯಾಕ್ಟರಿನ ಮುಂದೆ ಲೋಡರ್ ಇದ್ದವರು ಮೊದಲು ಕೈ ಹಾಕುವುದು ಅದರ ಬಕೆಟ್ಟಿಗೆ. ಬೇರೇನೂ ಕೊಳ್ಳಬೇಕಿಲ್ಲ, ಹಿಮವನ್ನು ಎತ್ತಿ ರಾಶಿಯ ಮೇಲೆ ರಾಶಿ ಹಾಕಬಹುದು. ಆದರೆ ಬಕೆಟ್ಟು ನೇರ ಮುಂದಕ್ಕೆ ಮಾತ್ರ ತಳ್ಳುತ್ತದೆ, ಪಕ್ಕಕ್ಕೆ ಹೊರಳಿಸಲಾರದು. ಹತ್ತು ಹೆಜ್ಜೆ ಹೋಗುವುದರೊಳಗೆ ತುಂಬಿ ಎರಡೂ ಬದಿಗೆ ಚೆಲ್ಲತೊಡಗುತ್ತದೆ. ಚಿಕ್ಕ ಅಂಗಳಕ್ಕೆ ಸಾಕು. ನೂರು ಮೀಟರಿನ ದಾರಿಗೆ ಅದೊಂದನ್ನೇ ನಂಬಿದರೆ ಮುಂದೆ ಹೋಗಿ ಹಿಂದೆ ಬರುವುದರಲ್ಲೇ ಬೆಳಗು ಕಳೆಯುತ್ತದೆ.

ಅದರ ನಂತರದ್ದು ಹಿಂಬದಿಯ ಬ್ಲೇಡು. ನಮ್ಮ ರೈತರು ಕಲ್ಟಿವೇಟರ್, ರೋಟವೇಟರ್ ಕಟ್ಟುವ ಅದೇ ಮೂರು ಕೊಂಡಿಗಳ ಜೋಡಣೆಗೆ ಇದನ್ನೂ ಕಟ್ಟುತ್ತಾರೆ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಆ ಜೋಡಣೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಅಮೆರಿಕದ ಹೊಲಗಳಿಗೆ ಬಂತು, ಆಮೇಲೆ ಜಗತ್ತಿನಾದ್ಯಂತ ಹರಡಿತು. ಹಿಂಬದಿಯ ಬ್ಲೇಡು ಎಲ್ಲಕ್ಕಿಂತ ಅಗ್ಗ, ಕೆಲವು ನೂರು ಡಾಲರಿಗೆ ಸಿಗುತ್ತದೆ. ಕೆಡುವಂಥ ಭಾಗಗಳು ಅದರಲ್ಲಿ ಕಡಿಮೆ. ಪಿನ್ನು ಕಿತ್ತು ಓರೆ ಮಾಡಬಹುದು, ಪೂರ್ತಿ ಹಿಂದುಮುಂದಾಗಿ ತಿರುಗಿಸಿ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುತ್ತಾ ತಳ್ಳಲೂಬಹುದು. ಬೇಸಿಗೆಯಲ್ಲಿ ಅದೇ ಬ್ಲೇಡು ಜಲ್ಲಿ ದಾರಿಯನ್ನು ಸಮ ಮಾಡುತ್ತದೆ. ಇದರ ಕೊರತೆ ಒಂದೇ, ಆದರೆ ದೊಡ್ಡದು. ಮುಂದಕ್ಕೆ ಓಡಿಸುತ್ತಾ ಕೆರೆದರೆ ಬ್ಲೇಡಿಗಿಂತ ಮೊದಲು ಗಾಲಿಗಳು ಹಿಮದ ಮೇಲೆ ಹೋಗುತ್ತವೆ. ತುಳಿದ ಹಿಮ ನೆಲಕ್ಕೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ, ಹಿಂದೆ ಬರುವ ಬ್ಲೇಡು ಅದರ ಮೇಲೆ ಜಾರಿಹೋಗುತ್ತದೆ. ನಾಲ್ಕೈದು ಇಂಚಿನವರೆಗೆ ಪರವಾಗಿಲ್ಲ. ಮೊಳಕಾಲೆತ್ತರದ ಹಿಮಕ್ಕೆ ಇದು ತಕ್ಕ ಸಲಕರಣೆಯಲ್ಲ.

ಮುಂಬದಿಯ ಬ್ಲೇಡಿನಲ್ಲಿ ಆ ತೊಂದರೆಯಿಲ್ಲ. ಹಿಮ ಸರಿದ ನೆಲದ ಮೇಲೆ ಗಾಲಿ ಬರುತ್ತದೆ, ಚಾಲಕನಿಗೆ ಎಲ್ಲವೂ ಕಣ್ಣೆದುರೇ ಇರುತ್ತದೆ, ಸೀಟಿನಲ್ಲೇ ಕುಳಿತು ಹೈಡ್ರಾಲಿಕ್‌ನಿಂದ ಬ್ಲೇಡನ್ನು ಎಡಕ್ಕೂ ಬಲಕ್ಕೂ ಓರೆ ಮಾಡಬಹುದು. ಬೇಗ ಕೆಲಸ ಮುಗಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕೊಳ್ಳುವಾಗ ಎರಡು ಸಂಗತಿ ನೋಡಲೇಬೇಕು.

ಮೊದಲನೆಯದು, ಬ್ಲೇಡು ಎಲ್ಲಿಗೆ ಕಟ್ಟಿಕೊಳ್ಳುತ್ತದೆ ಎನ್ನುವುದು. ಲೋಡರಿನ ಬಕೆಟ್ ತೆಗೆದು ಆ ತೋಳುಗಳಿಗೇ ಬ್ಲೇಡು ಸಿಕ್ಕಿಸುವುದು ಸುಲಭ, ಎಷ್ಟೋ ಜನ ಮಾಡುವುದೂ ಅದನ್ನೇ. ಆದರೆ ಲೋಡರಿನ ತೋಳುಗಳನ್ನು ಮಾಡಿರುವುದು ಭಾರ ಎತ್ತುವುದಕ್ಕೆ, ಗುದ್ದು ತಿನ್ನುವುದಕ್ಕಲ್ಲ. ಅದೂ ಓರೆ ಮಾಡಿದ ಬ್ಲೇಡಿನ ಒಂದು ತುದಿ ಹಿಮದಡಿಯ ಕಲ್ಲಿಗೋ ಮರದ ಬುಡಕ್ಕೋ ಬಡಿದರೆ ಪೆಟ್ಟೆಲ್ಲ ಒಂದೇ ತೋಳಿನ ಮೇಲೆ ಬಿದ್ದು ಅದು ಸೊಟ್ಟಗಾಗುತ್ತದೆ. ಟ್ರ್ಯಾಕ್ಟರಿನ ಹೊಟ್ಟೆಯಡಿ ಹಾದುಹೋಗುವ ಪ್ರತ್ಯೇಕ ಚೌಕಟ್ಟಿಗೆ ಬ್ಲೇಡು ಕಟ್ಟಿದರೆ ಗುದ್ದು ಗಟ್ಟಿಯಾದ ಕಡೆಗೆ ಹೋಗುತ್ತದೆ. ಬೆಲೆ ಹೆಚ್ಚು, ಕಟ್ಟಿ ಬಿಚ್ಚುವ ಕೆಲಸವೂ ಹೆಚ್ಚು. ತೋಳಿಗೇ ಕಟ್ಟುವುದಾದರೆ ಏನಾದರೂ ತಗುಲಿದಾಗ ಮುಂದಕ್ಕೆ ಮಡಚಿಕೊಂಡು ಮತ್ತೆ ಎದ್ದು ನಿಲ್ಲುವ ಸ್ಪ್ರಿಂಗ್ ಇರುವ ಬ್ಲೇಡನ್ನೇ ಕೊಳ್ಳಬೇಕು, ಮತ್ತು ನಿಧಾನವಾಗಿ ಓಡಿಸಬೇಕು.

ಎರಡನೆಯದು ಅಗಲ. ಆರಡಿಯ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದಾಗ ಅದು ಬಳಿಯುವ ಅಗಲ 5.2 ಅಡಿಗೆ ಇಳಿಯುತ್ತದೆ. ಹಿಂದಿನ ಗಾಲಿಗಳ ಹೊರ ಅಂಚಿನಿಂದ ಅಂಚಿಗೆ ಐದೂವರೆ ಅಡಿಯಿದ್ದರೆ ಗಾಲಿಗಳು ಹಿಮ ತುಳಿಯುತ್ತಲೇ ಹೋಗುತ್ತವೆ. ಆದ್ದರಿಂದ ಅಳತೆ ಹಿಡಿಯಬೇಕಾದದ್ದು ಓರೆ ಮಾಡಿದ ಬ್ಲೇಡಿನದು. ಹಾಗೆಂದು ಸಿಕ್ಕಾಪಟ್ಟೆ ಅಗಲದ್ದನ್ನು ತಂದರೆ ಸಣ್ಣ ಟ್ರ್ಯಾಕ್ಟರಿನ ಮೂತಿಯನ್ನೇ ಅದು ಪಕ್ಕಕ್ಕೆ ಎಳೆಯುತ್ತದೆ.

ಟಗ್ ಹಿಲ್ ಕಡೆಯ ಹಳ್ಳಿಮನೆಗಳ ದಾರಿ ಹೆಚ್ಚಾಗಿ ಜಲ್ಲಿಯದು. ನೆಲ ಹೆಪ್ಪುಗಟ್ಟುವ ಮುನ್ನ ಬೀಳುವ ಮೊದಲ ಹಿಮವನ್ನು ನೆಲಕ್ಕೆ ಒತ್ತಿ ಕೆರೆದರೆ ಜಲ್ಲಿಯೆಲ್ಲ ಹುಲ್ಲಿಗೆ ಹೋಗಿ ಬೀಳುತ್ತದೆ, ಏಪ್ರಿಲ್‌ನಲ್ಲಿ ಅದನ್ನು ಬಾಚಿ ತರಬೇಕು. ಬ್ಲೇಡಿನಡಿಯ ಜಾರುಪಟ್ಟಿಗಳನ್ನು ಇಳಿಸಿ ಒಂದಿಂಚು ಎತ್ತರದಲ್ಲಿ ತಳ್ಳುವುದು ಒಂದು ಉಪಾಯ. ಅನುಭವಸ್ಥರು ಇನ್ನೂ ಒಂದು ಮಾಡುತ್ತಾರೆ: ಕಬ್ಬಿಣದ ಪೈಪನ್ನು ಉದ್ದಕ್ಕೆ ಸೀಳಿ ಬ್ಲೇಡಿನ ಅಲಗಿಗೆ ತೊಡಿಸುತ್ತಾರೆ. ಹರಿತವಿಲ್ಲದ ಆ ದುಂಡು ಅಂಚು ಜಲ್ಲಿಯ ಮೇಲೆ ತೇಲಿಕೊಂಡು ಹೋಗುತ್ತದೆ. ಮೊದಲ ಒಂದೆರಡು ಹಿಮವನ್ನು ತೆಗೆಯದೆ, ಗಾಲಿಯಿಂದ ತುಳಿದು ಹೆಪ್ಪುಗಟ್ಟಿಸಿ, ಮುಂದಿನದನ್ನೆಲ್ಲ ಆ ಗಟ್ಟಿ ಪದರದ ಮೇಲಿಂದ ತೆಗೆಯುವವರೂ ಇದ್ದಾರೆ. ಆ ನೆಲಕ್ಕೆ ಇದು ಒಳ್ಳೆಯ ಪದ್ಧತಿ ಎಂದೇ ನನ್ನ ಎಣಿಕೆ. ದಾರಿ ಇಳಿಜಾರಾಗಿದ್ದರೆ ಮಾತ್ರ ಬೇಡ.

ಬ್ಲೇಡು ಮುಂದಿರಲಿ, ಹಿಂದಿರಲಿ, ಅದು ಹಿಮವನ್ನು ಸರಿಸುತ್ತದೆಯೇ ಹೊರತು ದೂರ ಕಳಿಸುವುದಿಲ್ಲ. ಡಿಸೆಂಬರಿನಲ್ಲಿ ದಾರಿಯ ಅಂಚಿಗೆ ತಂದಿಟ್ಟ ಹಿಮ ಕಲ್ಲಾಗುತ್ತದೆ. ಜನವರಿಯ ಹಿಮ ಆ ಗೋಡೆಯಾಚೆ ಹೋಗಲಾಗದೆ ಈಚೆಗೇ ನಿಲ್ಲುತ್ತದೆ. ಹೀಗೆ ನಾಲ್ಕು ಮೀಟರಿನ ದಾರಿ ಮೂರಾಗಿ, ಫೆಬ್ರವರಿಯಲ್ಲಿ ಹಾಲಿನ ಟ್ಯಾಂಕರ್ ತಿರುಗಲಾಗದಷ್ಟು ಕಿರಿದಾಗುತ್ತದೆ. ಗಾಳಿ ಹೊತ್ತು ತರುವ ಹಿಮಪುಡಿಯೂ ಆ ಎರಡು ಗೋಡೆಗಳ ನಡುವೆಯೇ ಬಂದು ತುಂಬಿಕೊಳ್ಳುತ್ತದೆ. ಬ್ಲೇಡು ನಂಬಿದವರು ಋತುವಿನ ಮೊದಲ ಹಿಮವನ್ನೇ ದಾರಿಯಂಚಿನಿಂದ ಆರೆಂಟು ಅಡಿ ಆಚೆಗೆ ತಳ್ಳಿಡಬೇಕು. ಇನ್ನೊಂದು ಶಿಸ್ತೂ ಬೇಕು: ಹಿಮ ನಿಲ್ಲುವವರೆಗೆ ಕಾಯದೆ ಆರಿಂಚು ಬಿದ್ದೊಡನೆ ಒಮ್ಮೆ, ಮತ್ತೆ ಆರಿಂಚಿಗೆ ಇನ್ನೊಮ್ಮೆ ಹೊರಡಬೇಕು. ಮನೆಯಲ್ಲೇ ಇರುವ ರೈತನಿಗೆ ಇದು ಸಾಧ್ಯ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರಿಗೆ ಕಷ್ಟ.

ಹಿಮವನ್ನು ದೂರ ಕಳಿಸುವ ಯೋಚನೆ ಹುಟ್ಟಿದ ಕತೆಯಲ್ಲೂ ಹಾಲೇ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ 1876ರಲ್ಲಿ ಹುಟ್ಟಿದ ಆರ್ಥರ್ ಸಿಕಾರ್ ಹೈನುಗಾರರ ಮನೆಯ ಹುಡುಗ. ಹಿಮದಿಂದ ದಾರಿ ಮುಚ್ಚಿದರೆ ಮಾಂಟ್ರಿಯಲ್‌ಗೆ ಹಾಲು ಮುಟ್ಟಿಸಲು ಆಗದ ಸಂಕಟವನ್ನು ನೋಡುತ್ತಾ ಬೆಳೆದವನು. ಧಾನ್ಯ ಒಕ್ಕುವ ಯಂತ್ರವೊಂದನ್ನು ಕಂಡಾಗ, ತೆನೆಯನ್ನು ಒಳಗೆಳೆದು ಹುಲ್ಲನ್ನು ಆಚೆ ಎಸೆಯುವ ಈ ಉಪಾಯ ಹಿಮಕ್ಕೂ ಯಾಕೆ ಒದಗಬಾರದು ಎಂದು ಅವನಿಗೆ ಹೊಳೆಯಿತು. ಯಂತ್ರ ಕೈಗೂಡಿದ್ದು 1925ರಲ್ಲಿ. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣ ಅದನ್ನು ಕೊಂಡಿತು. ರೈಲು ಹಳಿಗಳಿಗಾಗಿ ಇಂಥದೇ ತಿರುಗುವ ಯಂತ್ರವನ್ನು ಟೊರೊಂಟೊದ ದಂತವೈದ್ಯ ಜೆ. ಡಬ್ಲ್ಯು. ಎಲಿಯಟ್ 1869ರಷ್ಟು ಹಿಂದೆಯೇ ಕಲ್ಪಿಸಿಕೊಂಡಿದ್ದ. ಇಂದು ಟ್ರ್ಯಾಕ್ಟರಿಗೆ ಕಟ್ಟುವ ಬ್ಲೋವರ್ ಇವರ ಪರಂಪರೆಯದೇ. ಮುಂದಿನ ಸುರುಳಿ ಹಿಮವನ್ನು ಕೊರೆದು ನಡುವಿಗೆ ತರುತ್ತದೆ, ಹಿಂದಿನ ರೆಕ್ಕೆಚಕ್ರ ಅದನ್ನು ಕೊಳವೆಯ ಮೂಲಕ ಹತ್ತು ಮೀಟರ್, ಕೆಲವೊಮ್ಮೆ ಇನ್ನೂ ದೂರ ತೂರುತ್ತದೆ. ದಾರಿಯ ಬದಿಯಲ್ಲಿ ಗೋಡೆ ಏಳುವ ಮಾತೇ ಇಲ್ಲ.

ಬ್ಲೋವರಿಗೆ ಶಕ್ತಿ ಬರುವುದು ಪಿ.ಟಿ.ಒ. ದಂಡದಿಂದ. ನಮ್ಮ ರೋಟವೇಟರ್ ತಿರುಗಿಸುವ ಅದೇ ನಿಮಿಷಕ್ಕೆ 540 ಸುತ್ತಿನ ದಂಡ. ಐದಡಿಯ ಬ್ಲೋವರಿಗೆ ಪಿ.ಟಿ.ಒ.ದಲ್ಲಿ 20ರಿಂದ 25 ಎಚ್.ಪಿ.ಯಾದರೂ ಸಿಗಬೇಕು. ಎಚ್.ಪಿ.ಗಿಂತ ಮುಖ್ಯವಾದ ಇನ್ನೊಂದು ಮಾತನ್ನು ಮಾರುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಬ್ಲೋವರ್ ಪೂರ್ಣ ವೇಗದಲ್ಲಿ ತಿರುಗುತ್ತಿರಬೇಕು, ಟ್ರ್ಯಾಕ್ಟರ್ ಮಾತ್ರ ತೆವಳಬೇಕು. ಕಾಲೊತ್ತಿದಷ್ಟು ಚಲಿಸುವ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರಿಗೆ ಇದು ಸಲೀಸು. ಗೇರಿನ ಟ್ರ್ಯಾಕ್ಟರಾದರೆ ಬಹಳ ಕೆಳಗಿನ ಗೇರು ಬೇಕು, ಕ್ಲಚ್ ಒತ್ತಿದಾಗಲೂ ಪಿ.ಟಿ.ಒ. ನಿಲ್ಲದ ವ್ಯವಸ್ಥೆ ಬೇಕು. ಹಳೆಯ ಫೋರ್ಡ್ 9ಎನ್, 8ಎನ್‌ಗಳಲ್ಲಿ ಕ್ಲಚ್ ಒತ್ತಿದೊಡನೆ ಬ್ಲೋವರೂ ನಿಂತುಬಿಡುತ್ತದೆ. ಅಜ್ಜನ ಕಾಲದ ಟ್ರ್ಯಾಕ್ಟರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಅದಕ್ಕೆ ಬ್ಲೇಡು ಕಟ್ಟುವುದೇ ಮೇಲು.

ಬ್ಲೋವರನ್ನು ಮುಂದೆ ಕಟ್ಟಿದರೆ ಬೆನ್ನಿಗೆ ಸುಖ, ಜೇಬಿಗೆ ಭಾರ. ಮುಂಭಾಗಕ್ಕೆ ಶಕ್ತಿ ಸಾಗಿಸುವ ದಂಡ, ಚೌಕಟ್ಟುಗಳೆಲ್ಲ ಬೇಕು. ಲೋಡರನ್ನೂ ಬಿಚ್ಚಿಡಬೇಕಾಗುತ್ತದೆ. ಹಿಂದೆ ಕಟ್ಟುವುದು ಅಗ್ಗ ಮತ್ತು ಸರಳ, ಆದರೆ ಇಡೀ ದಾರಿ ಹಿಮ್ಮುಖವಾಗಿಯೇ ಸಾಗಬೇಕು. ಒಂದು ಗಂಟೆ ಕತ್ತು ತಿರುಗಿಸಿ ಕೂರುವುದು ಐವತ್ತು ದಾಟಿದವರಿಗೆ ಸಣ್ಣ ಮಾತಲ್ಲ. ಇದಕ್ಕೆ ಕ್ವಿಬೆಕ್ ಮತ್ತು ಒಟ್ಟಾವದ ಗುತ್ತಿಗೆದಾರರು ಕಂಡುಕೊಂಡ ದಾರಿ ನನಗೆ ತುಂಬ ಮೆಚ್ಚುಗೆಯಾದದ್ದು. ಅವರ ಬ್ಲೋವರಿನ ಬಾಯಿ ಟ್ರ್ಯಾಕ್ಟರಿನ ಕಡೆಗೇ ಇರುತ್ತದೆ. ಮನೆಯ ಬಾಗಿಲವರೆಗೆ ಹಿಮ್ಮುಖವಾಗಿ ಹೋಗಿ, ಬ್ಲೋವರನ್ನು ಇಳಿಸಿ, ಮುಂದಕ್ಕೆ ಓಡಿಸಿಕೊಂಡು ಬರುತ್ತಾರೆ. ಗ್ಯಾರೇಜಿನ ಬಾಗಿಲ ಬುಡದಿಂದಲೇ ಎಳೆದು ತಂದ ಹಿಮ ಪಕ್ಕದ ಹುಲ್ಲಿನ ಮೇಲೆ ಹಾರಿ ಬೀಳುತ್ತದೆ. ಮನೆಗಳು ಒತ್ತೊತ್ತಾಗಿರುವ ಬಡಾವಣೆಯಲ್ಲಿ, ಹಿಮ ತಳ್ಳಿಡಲು ಜಾಗವೇ ಇಲ್ಲದ ಕಡೆ, ಒಂದು ಟ್ರ್ಯಾಕ್ಟರ್ ಮನೆಯಿಂದ ಮನೆಗೆ ಹೀಗೆ ಸಾಗುತ್ತದೆ.

ಬ್ಲೋವರಿಗೆ ಆಗದ ಹಿಮವೂ ಇದೆ. ನವೆಂಬರಿನ, ಮಾರ್ಚಿನ ನೀರು ತುಂಬಿದ ಹಿಮ ಕೊಳವೆಯಲ್ಲಿ ಗಂಜಿಯ ಹಾಗೆ ಮೆತ್ತಿಕೊಂಡು ನಿಲ್ಲುತ್ತದೆ. ಅಪಾಯ ಬರುವುದು ಆಗ. ಕಟ್ಟಿದ ಕೊಳವೆಗೆ ಕೈ ಹಾಕಿ ಬೆರಳು ಕಳೆದುಕೊಂಡವರು ಪ್ರತಿ ಚಳಿಗಾಲ ಆಸ್ಪತ್ರೆಗೆ ಬರುತ್ತಾರೆ. ಎಂಜಿನ್ ಆರಿಸಿದ ಮೇಲೂ ಒಳಗೆ ಸಿಕ್ಕಿಕೊಂಡ ರೆಕ್ಕೆಚಕ್ರದಲ್ಲಿ ಬಿಗಿ ಉಳಿದಿರಬಹುದು, ಹಿಮ ಸಡಿಲವಾದ ಕೂಡಲೇ ಅದು ಗಿರ್ರೆಂದು ತಿರುಗಬಹುದು. ಪಿ.ಟಿ.ಒ. ಬಿಡಿಸಿ, ಎಂಜಿನ್ ಆರಿಸಿ, ಎಲ್ಲ ನಿಂತಿದೆಯೆಂದು ಕಣ್ಣಾರೆ ನೋಡಿ, ಆಮೇಲೂ ಕೋಲಿನಿಂದಲೇ ತೆಗೆಯಬೇಕು. ತಿರುಗುವ ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕುವವರೆಗೆ ಹೊರಡಬಾರದು. ಚಳಿಗೆ ತೊಟ್ಟ ದೊಗಲೆ ಕೋಟು, ಕೊರಳಿನ ಶಾಲು ಆ ದಂಡಕ್ಕೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕಲ್ಲೋ, ಹೆಪ್ಪುಗಟ್ಟಿದ ಪತ್ರಿಕೆಯ ಸುರುಳಿಯೋ ಒಳಗೆ ಸಿಕ್ಕಿದಾಗ ತಾನು ಮುರಿದು ಯಂತ್ರವನ್ನು ಉಳಿಸಲೆಂದೇ ಒಂದು ಮೆತ್ತನೆಯ ಬೋಲ್ಟ್ ಇರುತ್ತದೆ. ಪದೇ ಪದೇ ಮುರಿಯುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸ್.

ಯಾವುದನ್ನು ಕಟ್ಟಿದರೂ ಗಾಲಿಗೆ ಹಿಡಿತ ಬೇಕು. ಬ್ಲೇಡಿಗೆ ಇದು ಪ್ರಾಣ, ಏಕೆಂದರೆ ಟ್ರ್ಯಾಕ್ಟರ್ ತಳ್ಳಬಲ್ಲದ್ದು ಗಾಲಿ ಜಾರದಷ್ಟು ಮಾತ್ರ. ಬ್ಲೋವರ್ ಹಿಮವನ್ನು ತಳ್ಳುವುದಿಲ್ಲವಾದ್ದರಿಂದ ಹಗುರ ಟ್ರ್ಯಾಕ್ಟರಿಗೂ ನಡೆಯುತ್ತದೆ. ನಮ್ಮಲ್ಲಿ ತೂಕಕ್ಕೆಂದು ಟಯರಿಗೆ ನೀರು ತುಂಬುತ್ತಾರೆ. ಅಲ್ಲಿ ಬರೀ ನೀರು ಹೆಪ್ಪುಗಟ್ಟಿಬಿಡುತ್ತದೆ. ಹಾಗಾಗಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರನ್ನೋ ಬೀಟ್‌ರೂಟ್ ಜಾತಿಯ ಸಕ್ಕರೆಗೆಡ್ಡೆಯ ರಸವನ್ನೋ ತುಂಬುತ್ತಾರೆ. ಮಂಜುಗಡ್ಡೆಯ ಮೇಲೆ ರಬ್ಬರು ಸೋಲುತ್ತದೆ, ಸರಪಳಿಯೇ ಬೇಕು. ಒಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ: ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಮುಂದೆ ಬಕೆಟ್ ತುಂಬ ಹಿಮ ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ ಹಿಂಬದಿ ಹಗುರಾಗಿ, ಬ್ರೇಕ್ ಒತ್ತಿದರೂ ಟ್ರ್ಯಾಕ್ಟರ್ ಜಾರುತ್ತಲೇ ಹೋಗುತ್ತದೆ. ನಾಲ್ಕು ಗಾಲಿಯ ಗೇರು ಹಾಕಿಕೊಂಡಿದ್ದರೆ ಮುಂದಿನ ಗಾಲಿಗಳೂ ತಡೆ ಹಿಡಿಯುತ್ತವೆ. ಹಿಂದೆ ಬ್ಲೋವರ್ ತೂಗುತ್ತಿದ್ದರೆ ಇನ್ನೂ ಒಳ್ಳೆಯದು, ಅದೇ ಎದುರುಭಾರವಾಗುತ್ತದೆ.

ಇದರಿಂದಲೇ ನನ್ನ ಆಯ್ಕೆಯೂ ಹುಟ್ಟಿದೆ. ಟಗ್ ಹಿಲ್‌ನಂಥ ಕಡೆ, 30–40 ಎಚ್.ಪಿ.ಯ ಟ್ರ್ಯಾಕ್ಟರ್ ಇದ್ದರೆ, ಹಿಂದೆ ಬ್ಲೋವರ್, ಮುಂದೆ ಲೋಡರಿನ ಬಕೆಟ್. ಮಹೀಂದ್ರ ಕಂಪನಿ 1994ರಿಂದ ಅಮೆರಿಕದಲ್ಲಿ ಮಾರುತ್ತಾ ಬಂದಿರುವ ಟ್ರ್ಯಾಕ್ಟರುಗಳಲ್ಲೂ ಈ ಅಳತೆಯವು ಇವೆ. ಒಣ ಹಿಮವನ್ನು ತೂರುವುದು, ಒದ್ದೆ ಹಿಮವನ್ನೂ ಸಾರ್ವಜನಿಕ ಲಾರಿ ದಾರಿಯ ಬಾಯಿಗೆ ತಂದೊಡ್ಡಿದ ಗಡ್ಡೆಗಳನ್ನೂ ಬಕೆಟ್ಟಿನಿಂದ ಎತ್ತುವುದು. ಕತ್ತು ನೋಯುತ್ತದೆ, ನಿಜ. ಆದರೆ ಫೆಬ್ರವರಿಯಲ್ಲೂ ದಾರಿ ನಾಲ್ಕು ಮೀಟರೇ ಇರುತ್ತದೆ. ವರ್ಷಕ್ಕೆ ಒಂದೂವರೆ ಮೀಟರಿನಷ್ಟು ಮಾತ್ರ ಹಿಮ ಬೀಳುವ, ದಾರಿಯ ಎರಡೂ ಬದಿಗೆ ಬಯಲಿರುವ ಕಡೆ ಬ್ಲೋವರಿಗೆ ಸಾವಿರಾರು ಡಾಲರ್ ಸುರಿಯುವುದು ಬೇಡ. ಮುಂಬದಿಯ ಬ್ಲೇಡು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಹಿಂಬದಿಯ ಬ್ಲೇಡು ಹಣ ಕಡಿಮೆಯಿರುವವರಿಗೆ ಒಳ್ಳೆಯ ಆರಂಭ.

ಕೊಂಡದ್ದು ಯಾವುದೇ ಇರಲಿ, ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವಂತಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೆದ್ದಾರಿ ಸಂಚಾರ ಕಾನೂನೇ ಅದನ್ನು ನಿಷೇಧಿಸುತ್ತದೆ. ರಾಶಿ ಹಾಕುವ ಜಾಗವನ್ನು ಮನೆಗಿಂತ ತಗ್ಗಿನಲ್ಲಿ ನೋಡಿಕೊಳ್ಳಬೇಕು, ಇಲ್ಲವಾದರೆ ಏಪ್ರಿಲ್‌ನಲ್ಲಿ ಕರಗಿದ ನೀರು ನೆಲಮಾಳಿಗೆಗೆ ನುಗ್ಗುತ್ತದೆ. ದಾರಿಯ ಎರಡೂ ಅಂಚಿಗೆ, ಬಾವಿಯ ಮುಚ್ಚಳ, ಗೊಬ್ಬರದ ಗುಂಡಿಯ ಮೂಲೆಗಳಿಗೆ ಆಳೆತ್ತರದ ಗೂಟಗಳನ್ನು ನೆಟ್ಟು, ತುದಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಸುತ್ತಬೇಕು. ಡಿಸೆಂಬರ್ ಬಂತೆಂದರೆ ನೆಲ ಕಲ್ಲಾಗಿ ಗೂಟ ಇಳಿಯುವುದಿಲ್ಲ, ಆ ಕೆಲಸ ಅಕ್ಟೋಬರಿನಲ್ಲೇ ಮುಗಿಯಬೇಕು.